‘ಕಡುಬಡವರಿಲ್ಲದ’ ಕೇರಳದಲ್ಲಿ ಚರ್ಚಿನ ಅಕ್ಕಿ ಯಾರಿಗೆ?

2025ರ ನವೆಂಬರ್ 1ರಂದು ಎರಡು ರಾಜ್ಯಗಳ ಗಡಿಯಾದ ತಲಪಾಡಿಯ ಆಚೆ ಕನ್ನಡ ರಾಜ್ಯೋತ್ಸವ, ಈಚೆ ಕೇರಳ ರಾಜ್ಯ ಹುಟ್ಟಿದ ದಿನವಾದ ಕೇರಳ ಪಿರವಿ. ಅದೇ ದಿನ ತಿರುವನಂತಪುರದಲ್ಲಿ ವಿಶೇಷವಾಗಿ ಕರೆದ ಅಧಿವೇಶನದಲ್ಲಿ ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಕೇರಳವನ್ನು ‘ಅತಿದಾರಿದ್ರ್ಯಮುಕ್ತ’ ರಾಜ್ಯವೆಂದು ಘೋಷಿಸಿದರು. ಇದು ವಂಚನೆ ಎಂದು ಕಾಂಗ್ರೆಸ್ ನೇತೃತ್ವದ ಪ್ರತಿಪಕ್ಷ ಯುಡಿಎಫ್ ಸಭೆಯಿಂದ ಹೊರನಡೆಯಿತು. ಎರಡು ವಾರ ಕಳೆದು ನವೆಂಬರ್ 16ರ ಭಾನುವಾರ ಬಂದದ್ದು ಕ್ಯಾಥೋಲಿಕ್ ಸಭೆಯ ‘ಬಡವರ ವಿಶ್ವ ದಿನ’. ಪೋಪ್ ಫ್ರಾನ್ಸಿಸ್ 2016ರಲ್ಲಿ ಘೋಷಿಸಿದ ಆಚರಣೆ ಅದು.

ಕಾಸರಗೋಡಿನ ಕನ್ನಡ ಓದುಗರಿಗೆ ಇಲ್ಲಿ ಗೊಂದಲವಾಗುವುದು ಸಹಜ. ಕಡುಬಡವರು ಯಾರೂ ಉಳಿದಿಲ್ಲ ಎಂದು ಸರ್ಕಾರ ಹೇಳುತ್ತಿದೆ. ಚರ್ಚಿನ ಸ್ವಯಂಸೇವಕರು ಮಾತ್ರ ಕುಚ್ಚಲಕ್ಕಿ, ಮಾತ್ರೆ, ಆಸ್ಪತ್ರೆಯ ಬಿಲ್ಲು ಎಂದು ಓಡಾಡುವುದನ್ನು ನಿಲ್ಲಿಸಿಲ್ಲ. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದಾರೆಯೇ? ಹಾಗೇನೂ ಇಲ್ಲ. ಇಬ್ಬರೂ ಎಣಿಸುತ್ತಿರುವುದು ಬೇರೆ ಬೇರೆ ಜನರನ್ನು, ಬೇರೆ ಬೇರೆ ಹೊತ್ತಿನಲ್ಲಿ. ಅದು ಹೇಗೆ ಎಂಬುದನ್ನು ಬಿಡಿಸಿ ನೋಡಬೇಕಾಗಿದೆ.

ಪಟ್ಟಿ ಹುಟ್ಟಿದ ಬಗೆ

2021ರ ಮೇ ತಿಂಗಳಲ್ಲಿ ಸತತ ಎರಡನೇ ಬಾರಿಗೆ ಅಧಿಕಾರಕ್ಕೆ ಬಂದ ಎಡರಂಗ ಸರ್ಕಾರ ತನ್ನ ಮೊದಲ ಸಂಪುಟ ಸಭೆಯಲ್ಲೇ ಈ ಯೋಜನೆಗೆ ತೀರ್ಮಾನ ಮಾಡಿತ್ತು. ಊಟ, ಆರೋಗ್ಯ, ಆದಾಯ, ವಸತಿ ಎಂಬ ನಾಲ್ಕು ಅಳತೆಗೋಲುಗಳನ್ನು ಇಟ್ಟುಕೊಳ್ಳಲಾಯಿತು. ವಾರ್ಡ್ ಮಟ್ಟದಲ್ಲಿ ಚರ್ಚೆ ನಡೆಸಿ ಹೆಸರು ಸೂಚಿಸುವುದು, ಗಣತಿದಾರರು ಮೊಬೈಲ್ ಆ್ಯಪ್ ಹಿಡಿದು ಮನೆಗೆ ಹೋಗಿ ಮಾಹಿತಿ ತುಂಬುವುದು, ಮರುಪರಿಶೀಲನೆ, ಕೊನೆಗೆ ಗ್ರಾಮಸಭೆಯ ಒಪ್ಪಿಗೆ. ಹೀಗೆ ಹೊರಬಂದ ಸಂಖ್ಯೆ 64,006 ಕುಟುಂಬ, 1,03,099 ಜನ.

ಆಮೇಲೆ ಮಾಡಿದ ಕೆಲಸವನ್ನು ಹಗುರವಾಗಿ ಕಾಣುವಂತಿಲ್ಲ. ಎಲ್ಲರಿಗೂ ಒಂದೇ ಸಹಾಯಧನ ಹಂಚಿ ಕೈತೊಳೆದುಕೊಳ್ಳದೆ, ಒಂದೊಂದು ಕುಟುಂಬಕ್ಕೂ ಪ್ರತ್ಯೇಕ ಯೋಜನೆ ಬರೆದರು. ಸರ್ಕಾರ ಕೊಟ್ಟ ಲೆಕ್ಕದಂತೆ 3,913 ಮನೆ ಕಟ್ಟಿಕೊಡಲಾಗಿದೆ, 1,338 ಕುಟುಂಬಗಳಿಗೆ ಜಾಗ ಸಿಕ್ಕಿದೆ, 5,651 ಮನೆಗಳು ದುರಸ್ತಿಯಾಗಿವೆ. ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ದೊಡ್ಡದು ಇನ್ನೊಂದು ಅಂಕಿ: 21,263 ಜನರಿಗೆ ರೇಷನ್ ಕಾರ್ಡು, ಆಧಾರ್, ಮತದಾರರ ಚೀಟಿಯಂಥ ದಾಖಲೆಗಳನ್ನು ಮಾಡಿಸಿಕೊಡಲಾಯಿತು. ಬೇಕಾದ ಕಾಗದಗಳಿಲ್ಲದೆ ಇಷ್ಟು ಜನ ಕೇರಳದಂಥ ಕೇರಳದಲ್ಲಿ ಬದುಕಿದ್ದರು. ಬಡತನಕ್ಕೆ ಕಾಗದವಿಲ್ಲದಿರುವುದೂ ಕಾರಣ ಎಂಬುದನ್ನು ಸರ್ಕಾರದ ಲೆಕ್ಕವೇ ಒಪ್ಪಿಕೊಂಡ ಹಾಗಾಯಿತು.

ಕೇರಳದಲ್ಲಿ ಇಂಥ ಪಟ್ಟಿ ಇದೇ ಮೊದಲೂ ಅಲ್ಲ. ಈ ಶತಮಾನದ ಆರಂಭದ ವರ್ಷಗಳಲ್ಲಿ ಮಹಿಳಾ ಸ್ವಸಹಾಯ ಗುಂಪುಗಳ ಜಾಲವಾದ ಕುಟುಂಬಶ್ರೀ ಮೂಲಕ ‘ಆಶ್ರಯ’ ಬಂತು, ಅದನ್ನೇ ಮುಂದೆ ‘ಅಗತಿರಹಿತ ಕೇರಳಂ’ (ನಿರ್ಗತಿಕರಿಲ್ಲದ ಕೇರಳ) ಎಂದು ವಿಸ್ತರಿಸಿದರು. ಪ್ರತಿ ಪಟ್ಟಿಯೂ ಹಿಂದಿನದು ಬಿಟ್ಟವರನ್ನು ಹುಡುಕಿಕೊಂಡೇ ಹುಟ್ಟಿದೆ.

64,006 ಇದ್ದದ್ದು 59,277 ಆದದ್ದು

ಘೋಷಣೆಯ ಹೊತ್ತಿಗೆ ಸರ್ಕಾರ ಲೆಕ್ಕ ಒಪ್ಪಿಸಿದ್ದು 59,277 ಕುಟುಂಬಗಳಿಗೆ. ನಡುವಿನ 4,729 ಎಲ್ಲಿ ಹೋದವು? ಎರಡು ಕಡೆ ಹೆಸರಿದ್ದವು 47. ಅದು ಬರಿಯ ಕಚೇರಿಯ ತಪ್ಪು. 4,421 ಒಂಟಿ ಜೀವಗಳು ಯೋಜನೆ ಮುಗಿಯುವ ಮೊದಲೇ ತೀರಿಕೊಂಡವು. ಉಳಿದ 261 ಅಲೆಮಾರಿ ಕುಟುಂಬಗಳು, ಹುಡುಕಿದರೂ ಸಿಗದವು.

ಈ ಮೂರು ಸಾಲುಗಳನ್ನು ಪತ್ರಿಕೆಗಳು ಅಡಿಟಿಪ್ಪಣಿಯಂತೆ ದಾಟಿಹೋದವು. ವಿಷಯ ಇರುವುದೇ ಅಲ್ಲಿ. ಪಟ್ಟಿಯಲ್ಲಿದ್ದವರಲ್ಲಿ ದೊಡ್ಡ ಪಾಲು ಒಬ್ಬೊಬ್ಬರೇ ಇರುವ ‘ಕುಟುಂಬ’. ವಯಸ್ಸಾದವರು, ಕಾಯಿಲೆಯವರು, ಹತ್ತಿರದವರು ಕೈಬಿಟ್ಟವರು. ನಾಲ್ಕು ವರ್ಷದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿ ಸತ್ತರು ಎಂದರೆ, ಅವರಿಗೆ ಮನೆ ಅಥವಾ ಆದಾಯಕ್ಕೂ ಮೊದಲು ಬೇಕಾಗಿದ್ದುದು ದಿನಾ ಹೋಗಿ ವಿಚಾರಿಸುವ ಒಬ್ಬ ಮನುಷ್ಯ. ಇತ್ತ ಕಾಣೆಯಾದ 261 ಕುಟುಂಬಗಳ ಬಡತನ ಕಳೆಯಿತೆಂದು ಯಾರೂ ಹೇಳಿಲ್ಲ. ಅವರು ಲೆಕ್ಕದಿಂದ ಕಳೆದಿದ್ದಾರೆ, ಅಷ್ಟೆ. ನಿಂತ ನೆಲ ಇಲ್ಲದವನನ್ನು ವಿಳಾಸ ಕೇಳುವ ವ್ಯವಸ್ಥೆ ಹಿಡಿಯಲಾರದು. ಮಂಗಳೂರಿನಿಂದ ಕಣ್ಣೂರಿನವರೆಗೆ ರೈಲು ಹಳಿಯ ಬದಿಯಲ್ಲಿ ಗುಜರಿ ಹೆಕ್ಕುತ್ತ ಹೋಗುವ ಕುಟುಂಬ ಯಾವ ವಾರ್ಡಿನ ಗ್ರಾಮಸಭೆಗೆ ಹೋಗಿ ಕೂರಬೇಕು?

ತಕರಾರು ಎತ್ತಿದವರು

ಘೋಷಣೆಗೆ ಮೊದಲೇ ಎಂ.ಎ. ಉಮ್ಮನ್, ಕೆ.ಪಿ. ಕಣ್ಣನ್, ಆರ್.ವಿ.ಜಿ. ಮೆನೋನ್ ಮೊದಲಾದ ಅರ್ಥಶಾಸ್ತ್ರಜ್ಞರು, ಚಿಂತಕರು ಬಹಿರಂಗ ಪತ್ರ ಬರೆದಿದ್ದರು. ಅವರ ಪ್ರಶ್ನೆ ಸರಳ. ರಾಜ್ಯದಲ್ಲಿ ಅಂತ್ಯೋದಯದ ಹಳದಿ ಕಾರ್ಡುಗಳೇ ಸುಮಾರು 5.9 ಲಕ್ಷ ಇವೆ. ‘ಅಂತ್ಯೋದಯ’ ಎಂದರೆ ಬಡವರಲ್ಲೇ ಕಡುಬಡವರಿಗೆಂದು ಕೇಂದ್ರ 2000ದಲ್ಲಿ ತಂದ ಯೋಜನೆ, ತಿಂಗಳಿಗೆ 35 ಕಿಲೋ ಧಾನ್ಯ. ಹಾಗಾದರೆ 64 ಸಾವಿರ ಎಂಬ ಸಂಖ್ಯೆ ಬಂದದ್ದು ಯಾವ ಅಳತೆಯಿಂದ? ಕಡುಬಡವರೇ ಇಲ್ಲವೆಂದ ಮೇಲೆ ನಾಳೆ ಕೇಂದ್ರ ಈ ಹಳದಿ ಕಾರ್ಡುಗಳ ಮೇಲೆ ಕಣ್ಣು ಹಾಕಿದರೆ?

ಸರ್ಕಾರದ ಉತ್ತರವೂ ತಳ್ಳಿಹಾಕುವಂಥದ್ದಲ್ಲ. ಹಳದಿ ಕಾರ್ಡಿನವರು ಬಡವರು, ಆದರೆ ಅವರಿಗೆ ಕಾರ್ಡಾದರೂ ಇದೆ. ಈ ಯೋಜನೆ ಆ ಕಾರ್ಡೂ ಇಲ್ಲದವರನ್ನು, ಯಾವ ಯೋಜನೆಯ ಬಲೆಗೂ ಬೀಳದವರನ್ನು ಹುಡುಕಿತು ಎಂಬುದು ಅವರ ವಾದ. ನೀತಿ ಆಯೋಗದ 2023ರ ಬಹುಆಯಾಮ ಬಡತನ ವರದಿಯಲ್ಲಿ ಕೇರಳದ ಪ್ರಮಾಣ ಶೇ. 0.55, ದೇಶದಲ್ಲೇ ಅತಿ ಕಡಿಮೆ. ಇದನ್ನೂ ಅವರು ಮುಂದಿಡುತ್ತಾರೆ. ಪಟ್ಟಿಯಲ್ಲಿದ್ದವರು ಮತ್ತೆ ಜಾರದಂತೆ ನೋಡಿಕೊಳ್ಳುವ ಮುಂದಿನ ಹಂತವೂ ಇದೆ ಎನ್ನುತ್ತಾರೆ. ಆದಿವಾಸಿ ಸಂಘಟನೆಗಳ ಆಕ್ಷೇಪ ಬೇರೆಯದು: ಭೂಮಿಯ ಪ್ರಶ್ನೆ ಹಾಗೇ ಇರುವಾಗ ದಾರಿದ್ರ್ಯ ಮುಗಿಯಿತು ಎನ್ನುವುದು ಹೇಗೆ? ಕಾಸರಗೋಡಿನ ಮಟ್ಟಿಗೆ ಇದು ದೂರದ ಮಾತಲ್ಲ. ಕೇರಳದ ಐದು ಅತಿ ಹಿಂದುಳಿದ ಮೂಲನಿವಾಸಿ ಸಮುದಾಯಗಳಲ್ಲಿ ಒಂದಾದ ಕೊರಗರು ಇರುವುದು ಈ ಜಿಲ್ಲೆಯಲ್ಲಿ.

ವಾದಗಳನ್ನು ಪಕ್ಕಕ್ಕಿಟ್ಟು ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಎಣ್ಮಕಜೆ ಕಡೆಯ ಐದು ಸೆಂಟ್ಸ್ ಜಾಗ, ಹಂಚಿನ ಮನೆ, ಹಳದಿ ಕಾರ್ಡು. ಬೀಡಿ ಕಟ್ಟುವ ತಾಯಿ, ಮಲಗಿದಲ್ಲೇ ಇರುವ ಮಗ. 2021ರಲ್ಲಿ ಗಣತಿದಾರರು ಬಂದಾಗ ಆಕೆಗೆ ಬೀಡಿಯ ದುಡ್ಡು ಬರುತ್ತಿತ್ತು, ಮಗನಿಗೆ ಪಿಂಚಣಿ ಇತ್ತು, ಮನೆಯ ಮೇಲೆ ಮಾಡು ಇತ್ತು. ಪಟ್ಟಿಗೆ ಸೇರುವ ಮಾತೇ ಇಲ್ಲ, ಸೇರಿಸದೇ ಇದ್ದದ್ದು ತಪ್ಪೂ ಅಲ್ಲ. ಎರಡು ವರ್ಷ ಬಿಟ್ಟು ಆಕೆಯ ಬೆನ್ನು ಬಿದ್ದಿತು ಎನ್ನಿ. ಬೀಡಿ ನಿಂತಿತು, ಬೆರಳಚ್ಚು ಹೊಂದಲಿಲ್ಲವೆಂದು ಮಸ್ಟರಿಂಗ್ (ಪಿಂಚಣಿದಾರರು ಬದುಕಿದ್ದಾರೆಂದು ಖಚಿತಪಡಿಸುವ ಕ್ರಮ) ಬಾಕಿಯಾಗಿ ಪಿಂಚಣಿಯೂ ತಡೆಯಿತು. ಈಗ ಆ ಮನೆ ನಾಲ್ಕು ಅಳತೆಗೋಲುಗಳಲ್ಲೂ ಕೆಳಗಿದೆ. ಪಟ್ಟಿ ಮಾತ್ರ ಮುಚ್ಚಿದೆ. ಜನ ಬಡತನಕ್ಕೆ ಬೀಳುವುದು ಹೀಗೆ, ಒಂದು ಕಾಯಿಲೆ, ಒಂದು ಸಾವು, ಒಂದು ತಡೆದ ಪಿಂಚಣಿಯಿಂದ. ಬೀಳುವ ದಿನಕ್ಕೂ ಸಮೀಕ್ಷೆಯ ದಿನಕ್ಕೂ ಸಂಬಂಧ ಇರುವುದಿಲ್ಲ.

ವಿನ್ಸೆಂಟ್ ಪಾವ್ಲ್ ಸಭೆಯವರು ಮಾಡುವುದೇನು

ಇಂಥ ಮನೆಗೆ ಮೊದಲು ಯಾರು ಹೋಗುತ್ತಾರೆ? ಪಕ್ಕದ ಮನೆಯವರು, ಆಶಾ ಕಾರ್ಯಕರ್ತೆ, ಹಾಸಿಗೆ ಹಿಡಿದವರ ಆರೈಕೆಗೆ ಮನೆಗೆ ಬರುವ ಪಾಲಿಯೇಟಿವ್ ನರ್ಸ್. ಚರ್ಚ್ ಇರುವ ಊರಾದರೆ ಸಂತ ವಿನ್ಸೆಂಟ್ ದಿ ಪಾವ್ಲ್ ಸಭೆಯ ಇಬ್ಬರು.

ಈ ಸಭೆ ಪಾದ್ರಿಗಳದ್ದಲ್ಲ, ಗೃಹಸ್ಥರದ್ದು. 1833ರ ಏಪ್ರಿಲ್‌ನಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಡರಿಕ್ ಓಝಾನಮ್ ಎಂಬ ಇಪ್ಪತ್ತರ ವಿದ್ಯಾರ್ಥಿ ಕೆಲವು ಗೆಳೆಯರೊಂದಿಗೆ ಶುರುಮಾಡಿದ. ಬಡವರ ಕೇರಿಗಳಲ್ಲಿ ಆಗಲೇ ಕೆಲಸ ಮಾಡುತ್ತಿದ್ದ ಸಿಸ್ಟರ್ ರೊಸಾಲಿ ರೆಂದು ಅವರಿಗೆ ದಾರಿ ತೋರಿಸಿದರು. ಸಭೆಗೆ ಇಟ್ಟ ಹೆಸರು 17ನೇ ಶತಮಾನದ ಫ್ರೆಂಚ್ ಗುರು ಸಂತ ವಿನ್ಸೆಂಟರದ್ದು. ಭಾರತಕ್ಕೆ ಅದು 1863ರಲ್ಲಿ ಬಂತು. ಕಾಸರಗೋಡಿನ ಉತ್ತರ ಭಾಗದ ಲ್ಯಾಟಿನ್ ಚರ್ಚುಗಳು ಇಂದಿಗೂ ಮಂಗಳೂರು ಧರ್ಮಪ್ರಾಂತ್ಯದ ಅಡಿಯಲ್ಲಿವೆ. 1956ರಲ್ಲಿ ರಾಜ್ಯದ ಗಡಿ ಬದಲಾದರೂ ಇಗರ್ಜಿಯ ಗಡಿ ಬದಲಾಗಲಿಲ್ಲ. ಪೂರ್ವದ ಮಲೆಪ್ರದೇಶದಲ್ಲಿ ತಿರುವಾಂಕೂರಿನಿಂದ ಬಂದು ನೆಲೆಸಿದ ಸಿರೋ ಮಲಬಾರ್ ಕ್ರೈಸ್ತರದ್ದು ಬೇರೆ ಧರ್ಮಪ್ರಾಂತ್ಯ, ಬೇರೆ ಭಾಷೆ.

ಸಭೆಯ ಪದ್ಧತಿ ಹಳೆಯದು, ಆದರೆ ಗಟ್ಟಿ. ನಿಯಮಿತವಾಗಿ ಸೇರುತ್ತಾರೆ. ಕೂಟ ಮುಗಿಯುವಾಗ ಒಂದು ಚೀಲ ಸುತ್ತು ಬರುತ್ತದೆ. ಮುಷ್ಟಿ ಒಳಗೆ ಹೋಗಿ ಬರುತ್ತದೆ, ಯಾರು ಎಷ್ಟು ಹಾಕಿದರು, ಹಾಕಿದರೋ ಇಲ್ಲವೋ, ಪಕ್ಕದವರಿಗೂ ತಿಳಿಯದು. ಮನೆಭೇಟಿಗೆ ಹೋಗುವುದು ಇಬ್ಬಿಬ್ಬರೇ. ಒಬ್ಬರು ಮಾತಾಡುತ್ತಿರುವಾಗ ಇನ್ನೊಬ್ಬರ ಕಣ್ಣು ಒಲೆಯ ಕಡೆ, ಮಾತ್ರೆಯ ಪೊಟ್ಟಣದ ಕಡೆ, ಸೋರಿದ ಗೋಡೆಯ ಕಡೆ ಹೋಗುತ್ತದೆ. ನೆರವು ಪಡೆದವರ ಹೆಸರನ್ನು ಹೊರಗೆ ಹೇಳುವಂತಿಲ್ಲ. ಜಾತಿಮತ ನೋಡುವಂತಿಲ್ಲ.

ಇದರ ಬಲ ಇರುವುದು ಅಕ್ಕಿಯ ತೂಕದಲ್ಲಿ ಅಲ್ಲವೇ ಅಲ್ಲ. ಒಂದು ಘಟಕ ಕೈಗೆತ್ತಿಕೊಳ್ಳಬಲ್ಲ ಮನೆಗಳು ಬೆರಳೆಣಿಕೆಯಷ್ಟು. ಆದರೆ ಅದೇ ಮನೆಗೆ ಮತ್ತೆ ಮತ್ತೆ ಹೋಗುವುದರಿಂದ ಬೆನ್ನು ಬಿದ್ದ ಸುದ್ದಿ ಅದೇ ವಾರ ಗೊತ್ತಾಗುತ್ತದೆ, ಪಿಂಚಣಿ ತಡೆದದ್ದು ಅದೇ ತಿಂಗಳು ಗೊತ್ತಾಗುತ್ತದೆ. ಸರ್ಕಾರದ ಪಟ್ಟಿಗೆ ವರ್ಷಗಳು ಬೇಕಾಗುವ ಮಾಹಿತಿ ಇದು. ಈ ಪದ್ಧತಿಯ ದೌರ್ಬಲ್ಯವೂ ಅಲ್ಲೇ ಇದೆ. ಚರ್ಚ್ ಇಲ್ಲದ ಊರಿನಲ್ಲಿ, ವಾಳೆಯ (ಚರ್ಚಿನ ವಾರ್ಡಿನ) ಮುಖಂಡರಾದ ಗುರ್ಕಾರರ ಕಣ್ಣಿಗೆ ಬೀಳದ ಓಣಿಯಲ್ಲಿ ಈ ಇಬ್ಬರು ಇರುವುದಿಲ್ಲ. ಸದಸ್ಯರಿಗೆ ವಯಸ್ಸಾಗುತ್ತಿದೆ, ಮಕ್ಕಳು ಕೊಲ್ಲಿಯಲ್ಲಿ, ಬೆಂಗಳೂರಿನಲ್ಲಿ.

ಗಡಿನಾಡಿನ ತೊಡಕು

ಕೇರಳದ ಹೆಚ್ಚಿನ ಕಡೆ ಇಲ್ಲದ ಒಂದು ತಾಪತ್ರಯ ಇಲ್ಲಿದೆ. ಮನೆಯ ಮಾತು ತುಳು, ಕೊಂಕಣಿ ಅಥವಾ ಕನ್ನಡ; ಸರ್ಕಾರಿ ಅರ್ಜಿಗಳನ್ನು ಆನ್‌ಲೈನಿನಲ್ಲಿ ಹಾಕುವ ಅಕ್ಷಯ ಕೇಂದ್ರದ ಪರದೆಯ ಮೇಲಿನದು ಮಲಯಾಳ ಅಥವಾ ಇಂಗ್ಲಿಷ್. ಕನ್ನಡ ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲೇ ಅರ್ಜಿ ಬರೆದು ಅದೇ ಭಾಷೆಯಲ್ಲಿ ಉತ್ತರ ಪಡೆಯುವ ಅವಕಾಶ 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲೇ ಇದೆ. 2025ರ ಅಕ್ಟೋಬರಿನಲ್ಲಿ ವಿಧಾನಸಭೆ ಒಪ್ಪಿದ ಮಲಯಾಳ ಭಾಷಾ ಮಸೂದೆ ಅದನ್ನು ಕಸಿಯುತ್ತದೆ ಎಂಬ ಆತಂಕಕ್ಕೆ ಕರ್ನಾಟಕದ ಮುಖ್ಯಮಂತ್ರಿ ಸಿದ್ದರಾಮಯ್ಯ ದನಿಗೂಡಿಸಿದರು. ಏನೂ ಆಗದು ಎಂದು ಕೇರಳ ಹೇಳಿತು. ಆ ಜಗಳದ ತೀರ್ಪು ಏನೇ ಇರಲಿ, ಓದು ಬಾರದ ವೃದ್ಧೆಗೆ ಅರ್ಜಿಯ ಭಾಷೆ ಎಂಬುದು ಬೆಳಗ್ಗೆ ಸಾಲಿನಲ್ಲಿ ನಿಂತಾಗಿನ ಸಮಸ್ಯೆ. ಆಕೆಯ ಪರವಾಗಿ ಫಾರ್ಮ್ ತುಂಬಿ, ಕೌಂಟರಿನಲ್ಲಿ ಮಲಯಾಳದಲ್ಲಿ ಮಾತಾಡಿ, ರಶೀದಿ ತಂದುಕೊಡುವವನಿಂದ ಆಗುವ ಉಪಕಾರ ಒಂದು ಚೀಲ ಅಕ್ಕಿಗಿಂತ ದೊಡ್ಡದು. ಇಲ್ಲಿನ ಸ್ವಯಂಸೇವಕರು ಬರಬರುತ್ತ ಅರ್ಜಿ ಬರೆಯುವವರಾಗುತ್ತಿರುವುದಕ್ಕೆ ಕಾರಣ ಇದೇ.

ಎರಡನೆಯ ತೊಡಕು ಆಸ್ಪತ್ರೆಯದು. ಕಾಸರಗೋಡಿನ ರೋಗಿ ದೊಡ್ಡ ಕಾಯಿಲೆಗೆ ಓಡುವುದು ಮಂಗಳೂರಿಗೆ. ಕೈಯಲ್ಲಿರುವ ಕಾರ್ಡು ಕೇರಳದ್ದು, ಬಿಲ್ಲು ಬರುವುದು ಕರ್ನಾಟಕದಲ್ಲಿ. 2020ರ ಮಾರ್ಚ್‌ನಲ್ಲಿ ಕರ್ನಾಟಕ ತಲಪಾಡಿ ಗಡಿ ಮುಚ್ಚಿದಾಗ ಈ ಅವಲಂಬನೆ ಎಷ್ಟು ಅಪಾಯಕಾರಿ ಎಂಬುದು ಇಡೀ ದೇಶಕ್ಕೆ ಗೊತ್ತಾಯಿತು. ವಿಷಯ ಹೈಕೋರ್ಟು, ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಕಾಸರಗೋಡು ಜಿಲ್ಲೆಯ ಉಕ್ಕಿನಡ್ಕದ ಸರ್ಕಾರಿ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಶಿಲಾನ್ಯಾಸ ಆಗಿತ್ತು, 50 ಎಂಬಿಬಿಎಸ್ ಸೀಟುಗಳಿಗೆ ಅನುಮತಿ ಸಿಕ್ಕಿದ್ದು 2025ರಲ್ಲಿ. ನಡುವಿನ ಹನ್ನೆರಡು ವರ್ಷ ಜನ ಬಸ್ಸು ಹತ್ತಿ ಮಂಗಳೂರಿಗೇ ಹೋದರು.

ಎಂಡೋಸಲ್ಫಾನ್ ಪೀಡಿತರ ವಿಚಾರವೂ ಇದರ ಜತೆ ಸೇರಿಕೊಂಡಿದೆ. ಸರ್ಕಾರಿ ಸ್ವಾಮ್ಯದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ, 2000ದವರೆಗೆ, ಹೆಲಿಕಾಪ್ಟರಿನಿಂದ ಸಿಂಪಡಿಸಿದ ಕೀಟನಾಶಕ ಅದು. ಸುಪ್ರೀಂ ಕೋರ್ಟ್ ಅದನ್ನು 2011ರಲ್ಲಿ ತಡೆಯಿತು. ತಲಾ ಐದು ಲಕ್ಷ ರೂಪಾಯಿ ಪರಿಹಾರವನ್ನು ಮೂರು ತಿಂಗಳಲ್ಲಿ ಕೊಡಿ ಎಂದು 2017ರ ಜನವರಿಯಲ್ಲಿ ಆದೇಶಿಸಿತು. 2022ರಲ್ಲೂ ಬಾಕಿ ಇದ್ದುದಕ್ಕೆ ರಾಜ್ಯವನ್ನು ತರಾಟೆಗೆ ತೆಗೆದುಕೊಂಡಿತು. ಪರಿಹಾರದ ದುಡ್ಡು ಬಂದ ಮನೆ ಆದಾಯದ ಲೆಕ್ಕದಲ್ಲಿ ಮೇಲೇಳುತ್ತದೆ. ಆದರೆ ಮೂವತ್ತರ ಮಗನನ್ನು ಹೊತ್ತು ಸ್ನಾನ ಮಾಡಿಸುವ ತಾಯಿಗೆ ಅರವತ್ತಾಗಿದೆ. ಆಕೆಯ ನಂತರ ಯಾರು ಎಂಬ ಪ್ರಶ್ನೆಗೆ ನಾಲ್ಕು ಅಳತೆಗೋಲುಗಳಲ್ಲಿ ಜಾಗವಿಲ್ಲ.

ಬೀದಿಯಲ್ಲಿ ಸಿಗುವವರು

ಮನೆ ಇದ್ದೂ ಬಡವರಾದವರ ಮಾತಾಯಿತು. ಮನೆಯೇ ಇಲ್ಲದವರ ಲೆಕ್ಕ ಬೇರೆ. ಉತ್ತರದಿಂದ ಬರುವ ದೂರದ ರೈಲುಗಳು ಈ ಕರಾವಳಿಯನ್ನು ಹಾದುಹೋಗುತ್ತವೆ, ಕೆಲವು ಮಂಗಳೂರಿನಲ್ಲೇ ಕೊನೆಗೊಳ್ಳುತ್ತವೆ. ಮಾನಸಿಕ ಕಾಯಿಲೆಯಿಂದ ಮನೆ ಬಿಟ್ಟು ರೈಲು ಹತ್ತಿದವರು ಇಳಿಯುವುದು ಇಲ್ಲಿ. ಅವರು ಕೇರಳದ ಯಾವ ವಾರ್ಡಿನವರೂ ಅಲ್ಲ, ಹಾಗಾಗಿ ‘ಅತಿದಾರಿದ್ರ್ಯಮುಕ್ತ’ ಘೋಷಣೆಗೆ ಅವರಿಂದ ಧಕ್ಕೆಯೂ ಇಲ್ಲ!

ಮಂಜೇಶ್ವರದ ‘ಸ್ನೇಹಾಲಯ’ ಇಂಥವರಿಗಾಗಿಯೇ ಇರುವ ಪುನರ್ವಸತಿ ಕೇಂದ್ರ. ಹಿಂದೆ ಆಟೋ ಓಡಿಸುತ್ತಿದ್ದ ಜೋಸೆಫ್ ಕ್ರಾಸ್ತಾ 2009ರಲ್ಲಿ ಆರಂಭಿಸಿದ್ದು. ಮಂಗಳೂರಿನ ಫುಟ್‌ಪಾತಿನಿಂದ, ಕಾಸರಗೋಡಿನ ಬಸ್ ನಿಲ್ದಾಣದಿಂದ ಕರೆತಂದವರಿಗೆ ಸ್ನಾನ, ಊಟ, ಚಿಕಿತ್ಸೆ. ಗುಣವಾದ ಮೇಲೆ ಮನೆ ಹುಡುಕಿ ತಲುಪಿಸುವುದು. ಕೊನೆಯದು ಎಲ್ಲಕ್ಕಿಂತ ಕಷ್ಟ. ಔಷಧಿ ಹಿಡಿದ ಕೆಲವು ವಾರಗಳ ಮೇಲೆ ಒಬ್ಬಾತ ಊರಿನ ಹೆಸರು ಹೇಳುತ್ತಾನೆ, ಅದೇ ಹೆಸರಿನ ಊರು ಬಿಹಾರದಲ್ಲೂ ಇರುತ್ತದೆ, ಒಡಿಶಾದಲ್ಲೂ ಇರುತ್ತದೆ. ಆತನ ಮಾತಿನ ಧಾಟಿ ಬಲ್ಲವರನ್ನು ಹುಡುಕಬೇಕು, ಅಲ್ಲಿನ ಠಾಣೆಗೆ ಫೋನ್ ಹಚ್ಚಬೇಕು.

ಕಾನೂನಿನ ಪ್ರಕಾರ ಇದು ಸ್ವಯಂಸೇವಕರ ಕೆಲಸವೇ ಅಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 100ನೇ ಸೆಕ್ಷನ್ ಅಲೆದಾಡುವ ಮಾನಸಿಕ ಅಸ್ವಸ್ಥರನ್ನು ರಕ್ಷಿಸುವ ಹೊಣೆಯನ್ನು ಠಾಣಾಧಿಕಾರಿಯ ಮೇಲೆ ಹಾಕಿದೆ. 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು, ಮನೆಯವರನ್ನು ಪತ್ತೆಹಚ್ಚಲು ನಾಪತ್ತೆ ಪ್ರಕರಣ ದಾಖಲಿಸಬೇಕು. ಠಾಣೆಯಲ್ಲಿ ಸಿಬ್ಬಂದಿ ಕಡಿಮೆ, ಹತ್ತಿರದ ಸರ್ಕಾರಿ ಮನೋರೋಗ ವಾರ್ಡಿನಲ್ಲಿ ಹಾಸಿಗೆ ಕಡಿಮೆ. ಹಾಗಾಗಿ ಕಾನೂನು ಸರ್ಕಾರಕ್ಕೆ ಹೇಳಿದ ಕೆಲಸ ಟ್ರಸ್ಟುಗಳ ಹೆಗಲಿಗೆ ಬರುತ್ತದೆ. ಅದೇ ಕಾಯ್ದೆ ಆ ಟ್ರಸ್ಟುಗಳಿಗೂ ನೋಂದಣಿ, ಕನಿಷ್ಠ ಗುಣಮಟ್ಟ, ತಪಾಸಣೆ ಎಂದು ಷರತ್ತು ಹಾಕಿದೆ. ಹಾಕಬೇಕಾದ್ದೇ. ಮುಚ್ಚಿದ ಗೇಟಿನೊಳಗೆ ಒಳ್ಳೆಯ ಮನಸ್ಸೊಂದೇ ಸಾಕಾಗುವುದಿಲ್ಲ, ಅದು ಯಾವ ಧರ್ಮದವರ ಗೇಟೇ ಆಗಿರಲಿ.

ನಗರದ ವಸತಿಹೀನರಿಗೆ ಆಶ್ರಯತಾಣ ಕಟ್ಟಲು ಹಾಕಿಕೊಂಡ ಲೆಕ್ಕವೂ ಇಲ್ಲಿಗೆ ಹೊಂದುವುದಿಲ್ಲ. ಸುಪ್ರೀಂ ಕೋರ್ಟಿನ ಆದೇಶಗಳಿಂದ ಬಂದ ಅಳತೆ ಲಕ್ಷ ಜನಸಂಖ್ಯೆಗೆ ಒಂದು. 2011ರ ಗಣತಿಯಲ್ಲಿ ಕಾಸರಗೋಡು ನಗರಸಭೆಯ ಜನಸಂಖ್ಯೆ ಸುಮಾರು 54 ಸಾವಿರ. ಕಾಞಂಗಾಡ್ ತುಸು ದೊಡ್ಡದು, ಅದೂ ಲಕ್ಷ ಮುಟ್ಟಿರಲಿಲ್ಲ. ಕುಂಬಳೆ, ಮಂಜೇಶ್ವರ ಪಂಚಾಯತುಗಳು. ಅಂದರೆ ಇವುಗಳಲ್ಲಿ ಒಂದೂ ಆ ಅಳತೆಗೆ ಬರುವುದಿಲ್ಲ.

ದಾನ, ಹಕ್ಕು, ಗುಮಾನಿ

ಚರ್ಚಿನ ಸೇವೆಯ ಬಗ್ಗೆ ಎರಡು ಕಡೆಯಿಂದ ಟೀಕೆ ಇದೆ. ಎಡಪಂಥೀಯರು ಹೇಳುವುದು: ದಾನ ಕೊಟ್ಟರೆ ಬಡವ ಕೃತಜ್ಞನಾಗುತ್ತಾನೆ, ಹಕ್ಕು ಕೇಳುವುದನ್ನು ಬಿಡುತ್ತಾನೆ, ಸರ್ಕಾರಕ್ಕೂ ನುಣುಚಿಕೊಳ್ಳಲು ದಾರಿಯಾಗುತ್ತದೆ. ಈ ಮಾತಿನಲ್ಲಿ ಹುರುಳಿದೆ. ಸಭೆಯವರು ಕೊಟ್ಟ ಔಷಧಿಯಿಂದ ತಿಂಗಳು ಕಳೆದರೆ, ತಡೆದ ಪಿಂಚಣಿಗಾಗಿ ಪಂಚಾಯತಿಗೆ ಯಾರೂ ಹೋಗದೇ ಇರಬಹುದು. ಆದರೆ ಅರ್ಜಿ ಬರೆದು ಬೆನ್ನು ಹತ್ತುವ ಸ್ವಯಂಸೇವಕ ಈ ಟೀಕೆಗೆ ಒಗ್ಗುವುದಿಲ್ಲ. ಅವನಿಂದ ಹಕ್ಕು ಗಟ್ಟಿಯಾಗುತ್ತದೆ.

ಇನ್ನೊಂದು ಕಡೆಯ ಗುಮಾನಿ ಮತಾಂತರದ್ದು. ಗಡಿ ದಾಟಿದರೆ ಇದಕ್ಕೆ ಕಾನೂನಿನ ರೂಪವೂ ಇದೆ. ಕರ್ನಾಟಕದ 2022ರ ಮತಾಂತರ ನಿಷೇಧ ಕಾಯ್ದೆ ಉಡುಗೊರೆ, ಹಣ, ವಸ್ತುರೂಪದ ಲಾಭವನ್ನೆಲ್ಲ ‘ಆಮಿಷ’ದ ವ್ಯಾಖ್ಯೆಯೊಳಗೆ ತಂದಿತು, ಅದನ್ನು ಹಿಂತೆಗೆದುಕೊಳ್ಳಲು 2023ರ ಜೂನ್‌ನಲ್ಲಿ ಸಂಪುಟ ತೀರ್ಮಾನಿಸಿತು. ಕೇರಳದಲ್ಲಿ ಇಂಥ ಕಾಯ್ದೆಯಿಲ್ಲ. ತಲಪಾಡಿಯ ಈಚೆ ಬರಿಯ ಅಕ್ಕಿಯಾಗಿರುವುದು ಆಚೆ ದೂರಿಗೆ ಕಾರಣವಾಗಬಹುದು ಎಂಬ ಭಯ ಸ್ವಯಂಸೇವಕರ ನಡವಳಿಕೆಯನ್ನು ಬದಲಿಸುತ್ತದೆ: ಅಪರಿಚಿತ ಓಣಿಗೆ ಹೋಗುವುದು ಕಡಿಮೆಯಾಗಿ, ತಮ್ಮದೇ ವಾಳೆಯ ಬಡವರಿಗೆ ಸೀಮಿತವಾಗುತ್ತಾರೆ. ಕ್ರೈಸ್ತರು ಕ್ರೈಸ್ತರಿಗಷ್ಟೇ ಮಾಡುತ್ತಾರೆ ಎಂಬ ಮುಂದಿನ ದೂರಿಗೆ ಅದೇ ಕಾರಣವಾಗುತ್ತದೆ.

ದುಡ್ಡಿನ ದಾರಿಯೂ ಕಿರಿದಾಗಿದೆ. ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ತಂದ ತಿದ್ದುಪಡಿ, ಒಂದು ಸಂಸ್ಥೆ ಪಡೆದ ಹಣವನ್ನು ಇನ್ನೊಂದಕ್ಕೆ ದಾಟಿಸುವುದನ್ನೇ ನಿಷೇಧಿಸಿತು, ಆಡಳಿತ ವೆಚ್ಚದ ಮಿತಿಯನ್ನು ಶೇ. 50ರಿಂದ 20ಕ್ಕೆ ಇಳಿಸಿತು. 2021ರ ಕ್ರಿಸ್ಮಸ್ ದಿನ ಮದರ್ ತೆರೆಸಾರ ಮಿಷನರೀಸ್ ಆಫ್ ಚಾರಿಟಿಯ ನವೀಕರಣಕ್ಕೇ ತಡೆ ಬಿದ್ದು, ಜನವರಿ ಮೊದಲ ವಾರದಲ್ಲಿ ಸರಿಹೋಯಿತು. ಚೀಲದ ಚಿಲ್ಲರೆಯಲ್ಲಿ ನಡೆಯುವ ಚರ್ಚ್ ಘಟಕಕ್ಕೆ ಇದರಿಂದ ನೇರ ಹೊಡೆತವಿಲ್ಲ. ದೊಡ್ಡ ಸಂಸ್ಥೆಯಿಂದ ಸಣ್ಣದಕ್ಕೆ ಹರಿದುಬರುತ್ತಿದ್ದ ನೆರವು ಮಾತ್ರ ನಿಂತಿದೆ.

ಇನ್ನು ಆಗಬಹುದಾದ್ದು

ಘೋಷಣೆಯ ಮೊದಲ ಪರಿಣಾಮ ಕೌಂಟರಿನಲ್ಲಿ ಕಾಣಿಸುತ್ತದೆ. ‘ಅತಿದಾರಿದ್ರ್ಯ’ ಎಂಬ ತಲೆಬರಹದಡಿ ಹೊಸ ಹೆಸರು ಸೇರಿಸಲು ವಾರ್ಡ್ ಸದಸ್ಯರು ಹಿಂಜರಿಯುತ್ತಾರೆ. ಮುಗಿಯಿತೆಂದು ರಾಜ್ಯವೇ ಸಾರಿದ ಮೇಲೆ ತನ್ನ ವಾರ್ಡಿನಲ್ಲಿ ಉಳಿದಿದೆ ಎಂದು ಯಾರು ಬರೆದುಕೊಡುತ್ತಾರೆ? ಹೊಸದಾಗಿ ಬಡತನಕ್ಕೆ ಬಿದ್ದ ಮನೆಗಳು ವಸತಿಯ ಲೈಫ್ ಮಿಷನ್, ಪಾಲಿಯೇಟಿವ್, ಪಿಂಚಣಿ ಎಂದು ಬಿಡಿಬಿಡಿಯಾಗಿ ಬಾಗಿಲು ತಟ್ಟಬೇಕಾಗುತ್ತದೆ. ಹಾಗೆ ತಟ್ಟಲು ತಿಳಿದವರ ನೆರವು ಬೇಕು. ಸ್ವಯಂಸೇವಕರ ಮೇಲಿನ ಭಾರ ಇಳಿಯುವ ಬದಲು ಏರುತ್ತದೆ.

ಎರಡನೆಯದು ಜನಗಣತಿ. ಮುಂದಿನ ಜನಗಣತಿಯ ತಲೆ ಎಣಿಕೆ 2027ರ ಫೆಬ್ರವರಿಗೆ ನಿಗದಿಯಾಗಿದೆ. 2011ರಲ್ಲಿ ವಸತಿಹೀನರನ್ನು ಎಣಿಸಿದ್ದು ಫೆಬ್ರವರಿ 28ರ ಒಂದೇ ರಾತ್ರಿ, ದೇಶದಲ್ಲಿ ಸಿಕ್ಕಿದ್ದು 17.7 ಲಕ್ಷ ಜನ. ಆ ಒಂದು ರಾತ್ರಿ ಯಾವ ಅಂಗಡಿಯ ಜಗಲಿಗೆ, ಯಾವ ಮೇಲ್ಸೇತುವೆಯ ಅಡಿಗೆ ಟಾರ್ಚ್ ಹಿಡಿದು ಹೋಗಬೇಕೆಂಬುದು ಗಣತಿದಾರರಾಗಿ ಬರುವ ಶಾಲಾ ಮೇಷ್ಟ್ರಿಗೆ ತಿಳಿದಿರುವುದಿಲ್ಲ. ಪೊಟ್ಟಣದ ಊಟ ಹಂಚುವವರಿಗೆ ತಿಳಿದಿರುತ್ತದೆ. ಚರ್ಚಿನ ಸಭೆ, ಮಸೀದಿಯ ಜಮಾತ್, ದೇವಸ್ಥಾನದ ಅನ್ನದಾನ ಸಮಿತಿ, ಆಟೋ ಚಾಲಕರ ಸಂಘ ಇವರನ್ನೆಲ್ಲ ಜಿಲ್ಲಾಡಳಿತ ಗಣತಿಗೆ ಮೊದಲೇ ಕರೆದು ಕೂರಿಸಿಕೊಳ್ಳಬಹುದು. ಕಾಣೆಯಾದ 261 ಕುಟುಂಬಗಳಲ್ಲಿ ಕೆಲವಾದರೂ ಆ ರಾತ್ರಿ ಸಿಗಬಹುದು. ಇದಕ್ಕೆ ಹೊಸ ಕಾನೂನೂ ಬೇಡ, ಹೆಚ್ಚಿನ ದುಡ್ಡೂ ಬೇಡ, ಕಲೆಕ್ಟರೇಟಿನಿಂದ ಒಂದು ಸುತ್ತೋಲೆ ಹೊರಟರೆ ಆಯಿತು, ಮಲಯಾಳದ ಜತೆ ಕನ್ನಡದಲ್ಲೂ.